ಕನಾತ್‌ಗೆ ಇಳಿದ ತಿಮಿಂಗಿಲ

“ದೋಣಿ ತಗೊಂಡು ಬಾ, ಕಾವೂಸ್. ಬ್ಯಾಟರಿ ಎಷ್ಟಿದ್ಯೋ ಅಷ್ಟೂ ತಾ. ಬಾಬಾ ಕನಾತ್ ಒಳಗೆ ಸಿಕ್ಕೊಂಡಿದಾರೆ.”

ಸೋದರಮಾವನ ಮಗಳು ಗೌಹರ್ ಫೋನಿನಲ್ಲಿ ತನ್ನ ಅಪ್ಪನ ಬಗ್ಗೆ ಇಷ್ಟೇ ಹೇಳಿದ್ದು. ಕಾವೂಸ್ ತನ್ನ ಮೊಬೈಲ್ ರಿಪೇರಿ ಅಂಗಡಿಯ ಬಾಗಿಲನ್ನೂ ಎಳೆಯದೆ ಬೈಕ್ ಹತ್ತಿದ. ಯಜ್ದ್ ಪೇಟೆಯಿಂದ ಎಷ್ಟು ಜೋರಾಗಿ ಬಂದನೆಂದರೆ, ಅವನು ಊರು ಮುಟ್ಟಿದಾಗ ಅವನ ನೆರಳು ಇನ್ನೂ ಅರ್ಧ ದಾರಿಯಲ್ಲಿತ್ತು. ಬೆನ್ನಿಗೆ ಕಟ್ಟಿಕೊಂಡಿದ್ದ ಕೆಂಪು ದೋಣಿಯ ಹೆಸರು ತಿಮಿಂಗಿಲ. ಉದ್ದ ಒಂದು ಮೊಳ. ಪಕ್ಕದಲ್ಲಿ ಬಂಗಾರದ ಬಣ್ಣದಲ್ಲಿ ‘ನಲವತ್ತು ನಿಮಿಷ’ ಎಂದು ಬರೆದಿತ್ತು. ರಿಮೋಟ್ ಹಿಡಿದು ಪಾರ್ಕಿನ ಕೊಳದಲ್ಲಿ ಅದನ್ನು ಓಡಿಸುವಾಗ, ಒಂದೇ ಚಾರ್ಜಿಗೆ ಸಮುದ್ರ ದಾಟಿಸುತ್ತೇನೆಂದು ಅವನು ಹೇಳದ ಜನವಿಲ್ಲ.

ಶೀರ್‌ಕೂಹ್ ಬೆಟ್ಟದ ಬುಡದಲ್ಲಿ ಹಲ್ಲಿಗಳೂ ಕಾಲು ಬದಲಿಸಿ ನಿಲ್ಲುವಂಥ ಬಿಸಿಲು. ಬಯಲಿನುದ್ದಕ್ಕೂ ಬಾವಿಗಳ ಬಾಯಿಗಳು ಸಾಲಾಗಿ ತೆರೆದಿದ್ದವು, ಯಾವನೋ ರಾಕ್ಷಸ ಬೆರಳಿನಿಂದ ತೂತು ಹೊಡೆಯುತ್ತ ನಡೆದುಹೋದ ಹಾಗೆ. ಅವುಗಳ ಅಡಿಯಲ್ಲಿ ಹರಿಯುವುದೇ ಕನಾತ್. ಬೆಟ್ಟದ ನೀರನ್ನು ದಾಳಿಂಬೆ ತೋಟಗಳಿಗೆ ತರುವ ಸುರಂಗ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ. ಅದನ್ನು ತೋಡುವವರು ಬಿಳಿ ಬಟ್ಟೆಯನ್ನೇ ಉಟ್ಟು ಇಳಿಯುತ್ತಾರೆ. ಮಣ್ಣು ಕುಸಿದರೆ ಹೆಣಕ್ಕೆ ಹೊದಿಸಲು ಬೇರೆ ಕಫನ್ ಹುಡುಕಬೇಕಾಗಿಲ್ಲ.

ಅವತ್ತು ಬೆಳಿಗ್ಗೆ ಗೌಹರಳ ಅಪ್ಪ, ಕನಾತ್ ಕೆಲಸದ ಮೇಸ್ತ್ರಿ ಉಸ್ತಾ ಯದುಲ್ಲಾ, ಮೂವತ್ತು ವರ್ಷದಿಂದ ಜತೆಗಾರನಾಗಿದ್ದ ಸಫರ್‌ನೊಂದಿಗೆ ಹೂಳೆತ್ತಲು ಇಳಿದಿದ್ದ. ಮಣ್ಣು ಕುಸಿದಿತ್ತು.

ಗೌಹರ್ ಇನ್ನೊಂದು ಬಾವಿಯ ರಾಟೆಯ ಪಕ್ಕದಲ್ಲಿ ನಿಂತಿದ್ದಳು, ತಲೆಗೂದಲವರೆಗೆ ಕೆಸರು.

“ಅವರಿದ್ದ ಬಾವಿ ಮುಚ್ಚಿಹೋಗಿದೆ. ಬಾಬಾ ಕಾಲು ಮುರ್ಕೊಂಡು ಮಣ್ಣಿನ ಗುಡ್ಡೆ ಮೇಲೆ ಕೂತಿದಾರೆ. ಆ ಗುಡ್ಡೆ ನೀರನ್ನ ತಡೆದಿದೆ, ಏರ್ತಾ ಇದೆ. ಈ ಬಾವಿಯಿಂದ ಅಲ್ಲಿಗೆ ನೂರ ಮೂವತ್ತು ಮೀಟರ್.”

“ಈಜಿ ಹೋದ್ರೆ?”

“ಹೋಗಿದ್ದೆ. ಮೂವತ್ತು ಹೆಜ್ಜೆಗೆ ದೀಪ ಆರಿತು, ತಲೆ ತಿರುಗ್ತು. ಗಾಳಿ ಕೆಟ್ಟಿದೆ. ಬಾಟಲಿಗೆ ದಾರ ಕಟ್ಟಿ ತೇಲಿಬಿಟ್ಟೆ, ನಿಂತ ನೀರಲ್ಲಿ ಅದೂ ನಿಂತೇ ಇದೆ. ನಿನ್ನ ದೋಣಿ ದಾರ ಮುಟ್ಟಿಸಿದ್ರೆ ಸಾಕು. ದಾರ ಹಿಡಿದು ಅವರು ಹಗ್ಗ ಎಳ್ಕೋತಾರೆ, ಹಗ್ಗದ ಹಿಂದೆ ಲಾರಿ ಟ್ಯೂಬ್ ಹೋಗುತ್ತೆ. ಅದರ ಮೇಲೆ ಮಲಗಿಸಿ ಎಳೆಯೋದು.”

“ಪೇಟೆಯಿಂದ ರಕ್ಷಣೆಯವರು ಬರಲ್ವಾ?”

“ನಾಲ್ಕು ಗಂಟೆ ಆಗುತ್ತಂತೆ. ನೀರಿಗೂ ಚಾವಣಿಗೂ ಒಂದು ಗೇಣು ಉಳಿದಿದೆ.”

“ಸಫರ್?”

ಗೌಹರ್ ರಾಟೆಯ ಹಗ್ಗವನ್ನು ನೋಡಿದಳು. “ಕರೆದರೆ ಓಗೊಡ್ತಿಲ್ಲವಂತೆ.”

ಊರ ಗಂಡಸರು ರಾಟೆ ತಿರುಗಿಸಿ ಇಬ್ಬರನ್ನೂ ಇಳಿಸಿದರು. ಇಳಿದಷ್ಟೂ ಆಳ. ಮೇಲಿನ ಬೆಳಕು ಮೊದಲು ರೊಟ್ಟಿಯಷ್ಟಾಯಿತು, ಆಮೇಲೆ ಅಂಗಿ ಗುಂಡಿಯಷ್ಟು, ಆಮೇಲೆ ಸಾಸಿವೆಯಷ್ಟು. ತಳದಲ್ಲಿ ಸೊಂಟಮಟ್ಟ ನೀರು. ಅದರ ತಂಪು ಎಂಥದೆಂದರೆ ಕಾವೂಸನ ಹಲ್ಲುಗಳು ಒಂದರ ಹಿಂದೆ ಇನ್ನೊಂದು ಅವಿತುಕೊಳ್ಳಲು ನೋಡಿದವು.

“ಮಾವಾ!”

ಕತ್ತಲೊಳಗಿನಿಂದ ಸಣ್ಣ ದನಿ ಬಂತು. “ಯಾರು, ಕಾವೂಸನಾ? ಹಾಗಾದ್ರೆ ನಾನು ಸತ್ತೆ ಬಿಡು.”

“ನಲವತ್ತು ನಿಮಿಷದ ಬ್ಯಾಟರಿ, ಮಾವ! ಹೋಗಿ ಬಂದು ಮತ್ತೆ ಹೋಗುತ್ತೆ!”

ಅವನು ದೋಣಿಯ ಮೂತಿಗೆ ಪುಟ್ಟ ಟಾರ್ಚ್ ಕಟ್ಟಿದ, ನೀರು ನುಗ್ಗದಂತೆ ಬ್ಯಾಟರಿ ಮುಚ್ಚಳದ ಅಂಚಿಗೆ ಗ್ರೀಸ್ ಬಳಿದ. ಹಿಂಬದಿಗೆ ನೈಲಾನ್ ದಾರ ಬಿಗಿದ.

“ಸುರಂಗ ಎಲ್ಲಾದ್ರೂ ತಿರುಗುತ್ತಾ? ರಿಮೋಟಿನ ರೇಡಿಯೋ ಅಲೆ ಕಲ್ಲಿನೊಳಗೆ ಮೂಲೆ ತಿರುಗಲ್ಲ.”

“ಎರಡು ದೀಪ ಇಟ್ಟು, ಒಂದು ಇನ್ನೊಂದರ ಹಿಂದೆ ಅಡಗೋ ಹಾಗೆ ನೇರ ತೋಡಿರೋದು ಬಾಬಾ. ಕೂದಲೆಳೆಯಷ್ಟೂ ತಿರುಗಲ್ಲ.”

ಕಾವೂಸ್ ರಿಮೋಟಿನ ಕೋಲನ್ನು ಪೂರ್ತಿ ಒತ್ತಿದ.

ತಿಮಿಂಗಿಲ ಚೀರಿಕೊಂಡು ನುಗ್ಗಿತು. ಬಲಗೋಡೆಗೆ ಬಡಿಯಿತು. ಎಡಗೋಡೆಗೆ ಬಡಿಯಿತು. ಬೆಳಕು ಸಣ್ಣದಾಯಿತು. ದಾರ ಉದ್ದವಾದಷ್ಟೂ ನೀರು ಕುಡಿದು ಭಾರವಾಯಿತು. ಚೀರಾಟ ನರಳಾಟವಾಯಿತು.

ಎಂಬತ್ತು ಮೀಟರಿಗೆ ಸದ್ದು ನಿಂತಿತು. ಐದೇ ನಿಮಿಷ!

ದಾರ ಹಿಡಿದು ಇಬ್ಬರೂ ದೋಣಿಯನ್ನು ಹಿಂದಕ್ಕೆಳೆದರು. ನೀರಿನ ಮಟ್ಟ ನೋಡಲೆಂದು ಗೌಹರ್ ಗೋಡೆಯ ಮೇಲೆ ಗೀಚಿದ್ದ ಗೆರೆ ಆಗಲೇ ನೀರಿನಡಿ ಹೋಗಿತ್ತು.

“ನಿಜ ಹೇಳು. ಇದು ಎಷ್ಟು ನಿಮಿಷ ಓಡುತ್ತೆ?”

ಕಾವೂಸನ ನಾಲಗೆ ತುದಿಗೆ ಮೂವತ್ತು ಬಂತು, ಇಪ್ಪತ್ತೈದು ಬಂತು. ಒಳಗಿನಿಂದ ಮಾವ ಕೆಮ್ಮಿದ.

“ಹನ್ನೆರಡು. ಕೊಳದಲ್ಲಿ, ಬಿಸಿಲಲ್ಲಿ, ಏನೂ ಎಳೀದೆ ಇದ್ರೆ. ತಣ್ಣೀರಲ್ಲಿ ಬ್ಯಾಟರಿ ಬೇಗ ಸಾಯುತ್ತೆ. ಇನ್ನೊಂದಿದೆ, ಅರ್ಧ ಚಾರ್ಜ್. ನಿನ್ನೆ ಗೆಳೆಯರಿಗೆ ತೋರಿಸಿ ಮೆರೆದೆ, ಮತ್ತೆ ಚಾರ್ಜಿಗೆ ಹಾಕಲಿಲ್ಲ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಅರ್ಧ ಅಂದ್ರೆ ಆರು ನಿಮಿಷ?”

“ಪೂರ್ತಿ ವೇಗಕ್ಕೆ. ಕಾಲು ವೇಗಕ್ಕೆ ಇಳಿಸಿದ್ರೆ ಎಷ್ಟೋ ಹೆಚ್ಚು ಬರುತ್ತೆ. ದೋಣಿ ಓಡಿಸೋ ಹೊಸಬರಿಗೆ ಮೊದಲ ದಿನ ಹೇಳಿಕೊಡೋದೇ ಇದನ್ನ. ನಾನೇ ಕೇಳಿಲ್ಲ.” ಅವನು ಎರಡನೇ ಬ್ಯಾಟರಿಯನ್ನು ಅಂಗಿಯೊಳಗೆ ತೂರಿಸಿ ಕಂಕುಳಲ್ಲಿ ಒತ್ತಿಕೊಂಡ, ಬೆಚ್ಚಗಾಗಲಿ ಎಂದು.

ಗೌಹರ್ ಮೂಲೆಯಲ್ಲಿದ್ದ ಜೇಡವನ್ನು ದಿಟ್ಟಿಸುತ್ತಿದ್ದಳು. “ಇದು ದಾರಾನ ಗೋಡೆಯಿಂದ ಎಳ್ಕೊಂಡು ಹೋಗಲ್ಲ. ಹೊಟ್ಟೇಲಿಟ್ಕೊಂಡು ಬಿಚ್ತಾ ಹೋಗುತ್ತೆ.”

ಕಾವೂಸ್ ಅವಳ ಮುಖ ನೋಡಿದ. ಮರುಕ್ಷಣ ಇಬ್ಬರೂ ದಾರ ಸುತ್ತತೊಡಗಿದರು. ದಾರದ ಉಂಡೆ ದೋಣಿಯ ಮೇಲೆ ಕೂತಿತು, ತುದಿ ಗೌಹರಳ ಮಣಿಕಟ್ಟಿಗೆ. ಈಗ ದೋಣಿ ಏನನ್ನೂ ಎಳೆಯಬೇಕಾಗಿಲ್ಲ. ಹೋದಷ್ಟೂ ಹಗುರ.

“ಹಿಂದಕ್ಕೆ ಮಾತ್ರ ಓಡಿಸಬಾರದು,” ಎಂದ. “ದಾರ ಫ್ಯಾನಿಗೆ ಸುತ್ತಿಕೊಂಡ್ರೆ ಮುಗೀತು.”

ತಿಮಿಂಗಿಲ ಈ ಸಲ ಗೊಣಗುತ್ತ ಹೊರಟಿತು. ಎರಡು ನಿಮಿಷ. ನಾಲ್ಕು. ಕಾವೂಸನ ಹೆಬ್ಬೆರಳು ಕೋಲನ್ನು ಮೊಟ್ಟೆ ಹಿಡಿದಂತೆ ಹಿಡಿದಿತ್ತು. ಬೆಳಕು ನಡುನಡುವೆ ಓಲಾಡಿತು. ಎಂಟು ನಿಮಿಷ.

“ಕಾಣ್ತಿದೆ!” ಎಂದಿತು ದೂರದ ದನಿ.

ಒಂಬತ್ತು ನಿಮಿಷಕ್ಕೆ ಗೊಣಗಾಟ ನಿಂತಿತು.

“ಮಾವಾ, ಸಿಕ್ತಾ?”

“ಎರಡು ಮೊಳ ದೂರ ನಿಂತಿದೆ.”

ಆಮೇಲೆ ಕೇಳಿದ್ದು ಕೂಗಲ್ಲ. ಮುರಿದ ಕಾಲನ್ನು ಕಲ್ಲಿನ ಮೇಲೆ ಎಳೆದ ಸದ್ದು, ಪಿಕಾಸಿ ಪ್ಲಾಸ್ಟಿಕ್ಕಿಗೆ ತಾಗಿದ ಸದ್ದು. ಗೌಹರಳ ಮಣಿಕಟ್ಟು ಜಗ್ಗಿತು. ಒಮ್ಮೆ, ಎರಡು ಸಲ.

ದಾರದ ಹಿಂದೆ ಹಗ್ಗ ಹೋಯಿತು, ಹಗ್ಗದ ಹಿಂದೆ ಟ್ಯೂಬ್, ಅದಕ್ಕೆ ಕಟ್ಟಿದ ಇನ್ನೊಂದು ಹಗ್ಗ ಇವರ ಕೈಯಲ್ಲಿ. ಅಂಗೈ ಚರ್ಮ ಹಗ್ಗಕ್ಕೆ ಅಂಟಿಕೊಂಡು ಹೋಗುವಂತೆ ಇಬ್ಬರೂ ಎಳೆದರು. ಚಾವಣಿಗೆ ನಾಲ್ಕೇ ಬೆರಳು ಉಳಿದಿತ್ತು. ಉಸ್ತಾ ತಾನೇ ಕಡಿದ ಕಲ್ಲಿಗೆ ಮೂಗು ಉಜ್ಜಿಕೊಂಡು ಬಂದ. ಹೊರಗೆ ಬಂದಾಗ ಮೂಗಿನ ಮೇಲೆ ಚರ್ಮವಿರಲಿಲ್ಲ, ಪ್ರಜ್ಞೆಯೂ ಇರಲಿಲ್ಲ. ಎದೆಯ ಮೇಲೆ ಎರಡೂ ಕೈಯಿಂದ ಕೆಂಪು ದೋಣಿಯನ್ನು ಅವಚಿಕೊಂಡಿದ್ದ.

ರಾಟೆ ಅವನನ್ನು ಬಿಸಿಲಿಗೆತ್ತಿತು. ಸಫರ್‌ನನ್ನು ಎತ್ತಿದ್ದು ಮೂರನೇ ದಿನ. ಬಿಳಿ ಬಟ್ಟೆ ಬದಲಿಸಲಿಲ್ಲ.

ಸಫರ್‌ನ ಸಾವಿನ ಏಳನೇ ದಿನ ಊರವರು ಚಹಾಕ್ಕೆ ಕೂತಾಗ ಕನಾತ್‌ನಲ್ಲಿ ನೀರು ಮತ್ತೆ ಹರಿಯುತ್ತಿತ್ತು. ಯಾರೋ ಕೇಳಿದರು, “ಕಾವೂಸ್, ನಿನ್ನ ದೋಣಿ ಕತ್ತಲಲ್ಲಿ ಒಂದು ಗಂಟೆ ಓಡಿತಂತೆ?”

ಎಲ್ಲರ ಕಣ್ಣೂ ಅವನ ಮೇಲೆ. ಬಡಾಯಿ ಕೊಚ್ಚಲು ಇಂಥ ಅವಕಾಶ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

“ಒಂಬತ್ತು ನಿಮಿಷ,” ಎಂದ. “ಎರಡು ಮೊಳ ಕಮ್ಮಿ ಬಿತ್ತು.”

ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತಿದ್ದ ಉಸ್ತಾ ಚಹಾದ ಲೋಟ ಕೆಳಗಿಟ್ಟ.

“ಮಣ್ಣು ಬಿದ್ದ ಮೇಲೆ ಸಫರ್ ಮಾತಾಡಿದ್ದೂ ಅಷ್ಟೇ ಹೊತ್ತು,” ಎಂದ.

ಆಮೇಲೆ ಸಕ್ಕರೆ ಬಟ್ಟಲನ್ನು ಕಾವೂಸನ ಕಡೆಗೆ ಸರಿಸಿ, ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಮೂವತ್ತು ವರ್ಷ ಸಫರ್ ಕೂರುತ್ತಿದ್ದ ಜಾಗ.