ಮತದಾನ ಮುಗಿದ ಮೇಲೆ

“ಏಯ್, ಇಲ್ಲಿ ಸಾಲು ಇರೋದು ಕಾಣಲ್ವಾ?”

ಮತದಾರರ ಪಟ್ಟಿಗೆ ಹೆಸರು ಬರೆಸುವ ಸಾಲಿನಲ್ಲಿ ನಿಂತಿದ್ದ ಸುವೆಲ್ಮಾ ರೇಗಿದಳು. ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ನುಗ್ಗುತ್ತಿದ್ದ ಯುವಕ ತಿರುಗಿ ನೋಡಿದ. ಬಿಸಿಲಿಗೆ ಕೆಂಪೇರಿದ ಮುಖ, ಏದುಸಿರು.

“ನಂಗೆ ಕಾಣತ್ತೆ ತಾಯಿ, ನಮ್ಮಜ್ಜಿಗೆ ಕಾಣಲ್ಲ. ಸಾಯೋದ್ರೊಳಗೆ ಮತದಾರಳು ಅನ್ನಿಸ್ಕೋಬೇಕಂತೆ... ಸ್ವಲ್ಪ ಬಿಡ್ತೀರಾ?”

ಸುವೆಲ್ಮಾ ಸರಿದು ದಾರಿ ಬಿಟ್ಟಳು.

ಅಲ್ಜೀರಿಯಾದ ಮರಳುಗಾಡಿನ ಆ ನಿರಾಶ್ರಿತರ ಶಿಬಿರದಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು... ಮತದಾನ! ಪಶ್ಚಿಮ ಸಹಾರಾ ಸ್ವತಂತ್ರವಾಗಬೇಕೋ, ಮೊರಾಕ್ಕೋದೊಳಗೇ ಇರಬೇಕೋ ಎಂದು ಜನರೇ ಹೇಳುವ ಮತದಾನ. ಗೆದ್ದರೆ ಯುದ್ಧಕ್ಕೆ ಹೆದರಿ ಬಿಟ್ಟುಬಂದ ಅಯೂನ್ ಪಟ್ಟಣಕ್ಕೆ ಮರಳಬಹುದು! ಹೆಂಗಸರು ಆಗಲೇ ಪೆಟ್ಟಿಗೆ ಕಟ್ಟತೊಡಗಿದ್ದರು.

ಆ ಯುವಕ ಲಗ್ದಫ್. ಅಜ್ಜಿಯ ಆಶೀರ್ವಾದ ಮುಟ್ಟಿಸುವ ನೆಪದಲ್ಲಿ ಮರುದಿನ ಸುವೆಲ್ಮಾಳ ಡೇರೆಗೆ ಚಹಾಕ್ಕೆ ಬಂದ. ಆಮೇಲೆ ನೆಪವೇ ಬೇಕಾಗಲಿಲ್ಲ.

“ನಿಮ್ಮಪ್ಪನ್ನ ಕೇಳ್ಲಾ?”

“ಕೇಳು. ಆದ್ರೆ ಮದುವೆ ಮತದಾನ ಮುಗಿದ ಮೇಲೆ, ಅಯೂನ್‌ನಲ್ಲಿ. ಈ ಧೂಳಲ್ಲಿ ಅಲ್ಲ!”

ಅವನು ನಕ್ಕು ಒಪ್ಪಿದ.

ಮತ ಹಾಕುವ ಹಕ್ಕು ಯಾರಿಗೆಂಬ ಜಗಳದಲ್ಲಿ ಮತದಾನ ಮುಂದಕ್ಕೆ ಹೋಯಿತು. ಮರುವರ್ಷವೂ ಹೋಯಿತು. ಅಜ್ಜಿ ತೀರಿಕೊಂಡಳು. ಪೆಟ್ಟಿಗೆಗಳ ಹಲಗೆ ಒಲೆ ಸೇರಿತು.

“ಸುವೆಲ್ಮಾ, ಮತದಾನ ಆಗ್ದೇ ಹೋದ್ರೆ?”

“ಹಾಗನ್ಬೇಡ!”

“ಅನ್ನದೇ ಇದ್ರೆ ಆಗ್ಬಿಡುತ್ತಾ? ಎಷ್ಟು ವರ್ಷ ಕಾಯ್ಲಿ ನಾನು?”

“ಮತದಾನ ಇಲ್ಲ ಅಂದ್ರೆ ಮದುವೇನೂ ಇಲ್ಲ!”

ಸಿಟ್ಟಿನಲ್ಲಿ ಜಾರಿದ ಮಾತು... ತಡೆದು ಹಿಡಿಯುವಷ್ಟರಲ್ಲಿ ಅವನು ಎದ್ದು ಹೊರಟಿದ್ದ. ವಾರದೊಳಗೆ ಸ್ಪೇನಿಗೆ ದುಡಿಯಲು ಹೋದನೆಂಬ ಸುದ್ದಿ ಬಂತು.

‘ದೇಶವನ್ನೇ ಬಿಟ್ಟವನು ನನ್ನನ್ನು ಬಿಟ್ಟದ್ದು ಯಾವ ದೊಡ್ಡ ಮಾತು!’ ಎಂದುಕೊಂಡಳು. ಆದರೂ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಶಿಬಿರದ ಶಾಲೆಯಲ್ಲಿ ಶಿಕ್ಷಕಿಯಾಗಿ, ಮಕ್ಕಳಿಗೆ ಅವರು ಕಂಡೇ ಇರದ ನಾಡಿನ ನಕ್ಷೆ ಬರೆಯಲು ಕಲಿಸುತ್ತ ಕೂದಲು ನೆರೆಸಿಕೊಂಡಳು.

ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೊಮ್ಮೆ ಎಂದೂ ಕಾಣದ ಮಳೆ ಸುರಿದು ಶಿಬಿರದ ಮಣ್ಣಿನ ಮನೆಗಳೆಲ್ಲ ಕರಗಿಹೋದವು. ಕುಸಿದ ಗೋಡೆಯಡಿ ಸುವೆಲ್ಮಾ ಪಾತ್ರೆ ಹುಡುಕುತ್ತಿದ್ದಾಗ ಅಡ್ಡಬಿದ್ದ ತೊಲೆಯನ್ನು ಯಾರೋ ಆಚೆಯಿಂದ ಎತ್ತಿದರು.

ಬಿಳಿಗಡ್ಡ... ಆದರೆ ಅವೇ ಕಣ್ಣುಗಳು!

“ಶಿಬಿರ ಮುಳುಗ್ತು ಅಂತ ಕೇಳ್ದೆ. ಅಲ್ಲಿರೋಕಾಗ್ಲಿಲ್ಲ.”

“ಹೆಂಡ್ತಿ, ಮಕ್ಳು?” ಎಂದು ಕೇಳಿದಳು.

“ಯಾರೂ ಇಲ್ಲ. ನಿಂಗೆ ಬೇಕಿದ್ದಿದ್ದು ದೇಶ, ನಾನಲ್ಲ ಅಂದ್ಕೊಂಡೇ ಹೋದೆ. ಆದ್ರೂ ಇನ್ನೊಬ್ಬಳನ್ನ ನೋಡೋಕೆ ಮನಸ್ಸಾಗ್ಲಿಲ್ಲ.”

ಅವಳು ಹಿಡಿದಿದ್ದ ಪಾತ್ರೆಯನ್ನು ಕೆಸರಿನಲ್ಲೇ ಇಟ್ಟಳು.

“ಇಲ್ಲಿ ಸಂಸಾರ ಹೂಡಿದ್ರೆ ಇಲ್ಲೇ ಬೇರು ಬಿಡ್ತೀವಿ, ಊರಿಗೆ ಹೋಗೋದೇ ಇಲ್ಲ ಅಂತ ಹೆದರಿದ್ದೆ ಕಣೋ... ಊರೂ ಸಿಗ್ಲಿಲ್ಲ, ನೀನೂ ಸಿಗ್ಲಿಲ್ಲ. ಮಕ್ಕಳಾಗಿದ್ರೆ ಈ ಹೊತ್ತಿಗೆ ನನ್ನೆತ್ತರ ಬೆಳೆದಿರೋರು!”

ಲಗ್ದಫ್ ರುಮಾಲಿನ ತುದಿಯಿಂದ ಅವಳ ಕೈಗೆ ಮೆತ್ತಿದ ಕೆಸರು ಒರೆಸಿದ.

“ಗೋಡೆ ಎಬ್ಬಿಸ್ಲಾ?”

“ಒಂದು ಕೋಣೆ ಸಾಕು,” ಎಂದಳು ಬಿಕ್ಕುತ್ತ. “ಮತ್ತೆ ಹೋಗಲ್ಲ ತಾನೇ?”

“ಹೋದ್ರೆ ಇಬ್ರೂ ಹೋಗೋಣ... ಅಯೂನ್‌ಗೆ.”