ಎಡಗೈ ಕಡೆಯ ಕಲ್ಲು

"ಅಲ್ಲ ಕಣೇ, ನೀನ್ಯಾಕೆ ಅಲ್ಲಿ ಕೂತಿದ್ದೀಯ?" ಎಂದಳು ಅಜ್ಜಿ.

ಕಲ್ಲಿನ ಮುಂದೆ ಕುಳಿತು ಏನೋ ಹೇಳುತ್ತಿದ್ದ ರಸ್ತಿನಿ ತಲೆ ಎತ್ತಿದಳು. ಅವಳ ಕೈಯಲ್ಲಿ ಬಾಳೆ ಎಲೆಯ ಚೂರಿತ್ತು. ಅದರ ಮೇಲೆ ಒಂದು ಚಿಟಿಕೆ ಬಿಸಿ ಅನ್ನ, ಎರಡು ಹರಳು ಉಪ್ಪು. ಮಲಗುವ ಮನೆಯ ಬಾಗಿಲು ದಾಟಿ ಅಜ್ಜಿ ಹೊಸ್ತಿಲ ಆಚೆ ನಿಂತಿದ್ದಳು. ಅವಳ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಆದರೂ ದನಿ ಎಲ್ಲಿಂದ ಬಂತು ಎನ್ನುವುದು ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

"ಇನ್ನೆಲ್ಲಿ ಕೂರ್ಲಿ ಅಜ್ಜಿ? ನನ್ನ ತಂಗಿ ಇರೋದು ಇಲ್ಲೇ ಅಲ್ವಾ?"

"ಯಾರು ಹೇಳಿದ್ದು?"

"ಕಲ್ಲು ನೋಡಿದ್ರೆ ಗೊತ್ತಾಗುತ್ತೆ. ಬಿಳಿ ಗೆರೆ ಇರೋದು ನಂದು. ಕರೀದು ಪುತು ಅಣ್ಣಂದು."

ರಸ್ತಿನಿ ಹುಟ್ಟಿದಾಗ ಅವಳ ಜೊತೆಯಲ್ಲೇ ಬಂದ ಮಾಸನ್ನು ಅಪ್ಪ ತೆಂಗಿನ ಚಿಪ್ಪಿನಲ್ಲಿಟ್ಟು ಬಾಗಿಲ ಪಕ್ಕದಲ್ಲಿ ಹೂತು, ಮೇಲೆ ಹೊಳೆಯ ಕಲ್ಲೊಂದನ್ನು ಇಟ್ಟಿದ್ದ. ಜೊತೆಯಲ್ಲೇ ಹುಟ್ಟಿದ್ದರಿಂದ ಅದು ಅವಳ ತಂಗಿ. ಪುತು ಅಣ್ಣನಿಗೂ ಹಾಗೇ ಒಬ್ಬ ತಮ್ಮ. ಬೆಳಿಗ್ಗೆ ಅನ್ನ ಬೆಂದ ಕೂಡಲೇ ಮೊದಲ ಚಿಟಿಕೆ ಅವರಿಗೆ. ಆಮೇಲೆ ಮನೆಯವರಿಗೆ. ಮಾತು ಬಂದಾಗಿನಿಂದ ರಸ್ತಿನಿ ಆ ಕಲ್ಲಿನ ಜೊತೆ ಮಾತಾಡುತ್ತಲೇ ಬೆಳೆದವಳು. ಪರೀಕ್ಷೆ ಇದ್ದರೆ "ಬಾರೇ, ಜೊತೆಗಿರು" ಎನ್ನುತ್ತಿದ್ದಳು. ಹಲ್ಲು ಕೀಳಿಸಲು ಹೋಗುವಾಗಲೂ ಹಾಗೇ.

ಈಗ ಹೋಗಬೇಕಾಗಿದ್ದದ್ದು ಫಿನ್ಲೆಂಡಿಗೆ. ಒಂದು ವರ್ಷ ಅಲ್ಲಿಯ ಶಾಲೆ, ಅಲ್ಲಿಯ ಒಂದು ಮನೆ. ಸೋಮವಾರ ವಿಮಾನ. ತಂಗಿಯನ್ನು ಜೊತೆಗೆ ಕರೆಸುವುದಕ್ಕೆಂದೇ ಅಜ್ಜಿ ಕಣಿವೆಯ ಆಚೆಯ ಚಿಕ್ಕಪ್ಪನ ಮನೆಯಿಂದ ಬಂದಿದ್ದಳು.

ಆದರೆ ಯಾರಿಗೂ ಹೇಳದ ಒಂದು ಸಂಗತಿ ರಸ್ತಿನಿಯ ಹೊಟ್ಟೆಯೊಳಗಿತ್ತು.

ಮೊದಲೆಲ್ಲ ಅವಳು ಕನಸಿನಲ್ಲಿ ಒಂಟಿಯಾಗಿರುತ್ತಿರಲಿಲ್ಲ. ಹೊಳೆಗೆ ಇಳಿಯುತ್ತಿರಲಿ, ಗೊತ್ತಿಲ್ಲದ ಪೇಟೆಯಲ್ಲಿ ಅಲೆಯುತ್ತಿರಲಿ, ಹಿಂದೆ ಇನ್ನೊಂದು ಜೊತೆ ಬರಿಗಾಲು ಟಪಟಪ ಎನ್ನುತ್ತ ಬರುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ಯಾರೆಂದು ಗೊತ್ತಿತ್ತಲ್ಲ! ಈಚೆಗೆ ಕನಸೆಲ್ಲ ಬೆಳ್ಳಗಾಗಿಬಿಟ್ಟಿತ್ತು. ನೆಲ ಬಿಳಿ, ಮರ ಬಿಳಿ, ಆಕಾಶವೂ ಬಿಳಿ. ಅದರೊಳಗೆ ರಸ್ತಿನಿ ನಡೆಯುತ್ತಲೇ ಇರುತ್ತಿದ್ದಳು. ಹಿಂದೆ ಮಾತ್ರ ಸದ್ದೇ ಇಲ್ಲ.

ತಂಗಿ ಬರುವುದಿಲ್ಲವೇನೋ. ಅವಳಿಲ್ಲದೆ ಹೋಗುವುದು ಹೇಗೆ? ಈ ಸಂಜೆ, ತನ್ನನ್ನು ಕಳಿಸಲು ಓಡಾಡಿದ್ದ ಶಾಲೆಯ ಟೀಚರಿಗೆ ಫೋನ್ ಮಾಡಿ "ನಾನು ಹೋಗಲ್ಲ ಮಿಸ್" ಎಂದು ಹೇಳಿಬಿಡುವುದು ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಫಿನ್ಲೆಂಡಿನ ಮನೆಯ ಹೆಲ್ವಿ ಅಮ್ಮ ಕಳಿಸಿದ ಮೆಸೇಜಿಗೂ ಉತ್ತರ ಕೊಟ್ಟಿರಲಿಲ್ಲ. "ಬೆಳಿಗ್ಗೆ ನೀನು ಏನು ತಿನ್ನುತ್ತೀ? ಮೊದಲ ದಿನದಿಂದಲೇ ಅದನ್ನೇ ಮಾಡಿಡಬೇಕು ಅಂತ ಆಸೆ" ಎಂದು ಆಕೆ ಕೇಳಿದ್ದಳು.

ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದಳು. "ಮನೆಯಿಂದ ಹೊರಗೆ ಬಂದಾಗ ಹೆಣ್ಣುಮಗುದು ಎಡಗೈ ಕಡೆ. ಗಂಡುಮಗುದು ಬಲಗೈ ಕಡೆ. ನೀನು ಮಾತಾಡ್ತಿರೋದು ನನ್ನ ಬಲಗಡೆಯಿಂದ."

ರಸ್ತಿನಿ ಅಂಗಳದ ಕಡೆ ತಿರುಗಿದಳು.

"ಅಪ್ಪಾ!" ಎಂದು ಕೂಗಿದಳು.

ಅಪ್ಪ ಅಂಗಳದ ತುಂಬ ಹರವಿದ್ದ ಲವಂಗವನ್ನು ಉದ್ದ ಹಿಡಿಯ ಹಲುಬೆಯಿಂದ ಕೆದರುತ್ತಿದ್ದ. ಲವಂಗ ಒಣಗಿಸಲೆಂದೇ ಈ ವರ್ಷ ಅಂಗಳಕ್ಕೆ ಸಿಮೆಂಟು ಹಾಕಿಸಿದ್ದು. ಆಗ ರಸ್ತಿನಿ ಇಂಗ್ಲಿಷ್ ಕ್ಲಾಸಿಗೆಂದು ಪಟ್ಟಣದಲ್ಲಿದ್ದಳು. ವಾಪಸು ಬಂದಾಗ ಅಂಗಳವೇ ಹೊಸದಾಗಿತ್ತು. ಕಲ್ಲೂ ಬೇರೆ ಕಡೆ ಇರುವಂತೆ ಅನ್ನಿಸಿತ್ತು; ಅದರಲ್ಲೇನು ವಿಶೇಷ ಎಂದುಕೊಂಡಿದ್ದಳು.

"ಏನೋ, ಈ ಕಲ್ಲು ಇಟ್ಟೋರು ಯಾರೋ?" ಎಂದಳು ಅಜ್ಜಿ.

"ನಾನೇ ಅವ್ವ. ಸಿಮೆಂಟ್ ಹಾಕೋವಾಗ ಎರಡೂ ಕಡೆ ಮೊರದಷ್ಟು ಮಣ್ಣು ಹಾಗೇ ಬಿಟ್ಟಿದ್ದೀನಿ. ಕಲ್ಲು ಎತ್ತಿ, ಆಮೇಲೆ ವಾಪಸ್ ಇಟ್ಟೆ. ಹುಡುಗೀದು ಎಡಕ್ಕೆ, ಹುಡುಗಂದು ಬಲಕ್ಕೆ."

"ಯಾವ ಕಡೆ ಮುಖ ಮಾಡ್ಕೊಂಡು ಇಟ್ಟೆ?"

ಅಪ್ಪ ಮನೆಯ ಕಡೆ ನೋಡಿದ. ಆಮೇಲೆ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಹಲುಬೆಯ ಹಿಡಿ ಮೆಲ್ಲಗೆ ಜಾರಿ ಲವಂಗದ ಮೇಲೆ ಬಿತ್ತು.

"ಅಯ್ಯಯ್ಯೋ, ಮನೆ ಕಡೆ ಮುಖ ಮಾಡ್ಕೊಂಡು," ಎಂದ.

"ಹೂತೋನು ನೀನೇ, ತಪ್ಪಿಸಿದೋನೂ ನೀನೇ. ಭೇಷ್!"

ಸ್ಕೂಟರ್ ಒರೆಸುತ್ತಿದ್ದ ಪುತು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಕ್ಕೇ ಮತ್ತೆ! ಇಷ್ಟು ತಿಂಗಳೂ ನೀನು ನನ್ನ ತಮ್ಮಂಗೆ ಅನ್ನ ಹಾಕಿದ್ದೀಯ. ನೋಡು, ಪ್ಯಾಂಟ್ ಎಲ್ಲ ಟೈಟ್ ಆಗೋಗಿದೆ!"

ರಸ್ತಿನಿ ನಗಲಿಲ್ಲ. ಬಿಳಿ ಗೆರೆಯ ಕಲ್ಲನ್ನೇ ನೋಡುತ್ತ ಕುಳಿತಳು. ದಿನಾ ಬೆಳಿಗ್ಗೆ ಇದರ ಮುಂದೆ ಎಷ್ಟೊಂದು ಮಾತಾಡಿದ್ದಳು! ವೀಸಾ ಬಂದದ್ದು, ಉಣ್ಣೆಯ ಕೋಟು ಕೊಂಡದ್ದು, ಭಯವಾದದ್ದು. ಅದನ್ನೆಲ್ಲ ಕೇಳಿಸಿಕೊಂಡದ್ದು ಅಣ್ಣನ ತಮ್ಮ. ತನ್ನ ತಂಗಿ ಆಚೆ ಬದಿಯಲ್ಲಿ ಹಸಿದುಕೊಂಡು, ಒಬ್ಬಳೇ.

"ಹಂಗಾದ್ರೆ ಅವಳು ಬರಲ್ಲ," ಎಂದಳು. "ಸಿಮೆಂಟ್ ಹಾಕಿದ್ಮೇಲೆ ನಾನು ಅವಳಿಗೆ ಒಂದಿನಾನೂ ಊಟ ಕೊಟ್ಟಿಲ್ಲ. ಅದಕ್ಕೇ ಕನಸಲ್ಲೂ ಬರ್ತಿಲ್ಲ. ನಾನೂ ಹೋಗಲ್ಲ."

ಪುತು ನಗುವುದನ್ನು ನಿಲ್ಲಿಸಿದ. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತಳು.

"ಏನು ಕನಸು? ಹೇಳು."

ರಸ್ತಿನಿ ಹೇಳಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಆ ದೇಶದ ಹಿಮ ಅನ್ನೋದು ಹೆಂಗಿರುತ್ತೆ?"

"ಮೆತ್ತಗೆ ಇರುತ್ತಂತೆ. ಹತ್ತಿ ಥರ."

"ಬೂರುಗದ ಹತ್ತಿ ಥರಾನಾ?"

"ಹೂಂ."

"ಬೂರುಗದ ಹತ್ತಿ ಮೇಲೆ ಬರಿಗಾಲಲ್ಲಿ ನಡೆದ್ರೆ ಸದ್ದು ಬರುತ್ತೇನೇ, ಪೆದ್ದಿ?"

ರಸ್ತಿನಿಯ ಕಣ್ಣು ಇನ್ನೂ ಆಚೆ ಬದಿಯ ಕರಿ ಕಲ್ಲಿನ ಮೇಲೇ ಇತ್ತು. "ಆದ್ರೂ ಅವಳು ಹಸ್ಕೊಂಡಿದ್ಲಲ್ಲ ಅಜ್ಜಿ."

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದಳು. ಅವಳ ಕೈಯಲ್ಲೂ ಒಂದು ಬಾಳೆ ಎಲೆಯ ಚೂರು. ಅದರ ಮೇಲೆ ಒಂದು ಚಿಟಿಕೆ ಅನ್ನ. ಯಾರನ್ನೂ ನೋಡದೆ ನೇರವಾಗಿ ಕರಿ ಕಲ್ಲಿನ ಬಳಿ ಹೋಗಿ, ಬಗ್ಗಿ ಎಲೆ ಇಟ್ಟು, ಬೆರಳಿನಿಂದ ಮೂರು ಹನಿ ನೀರು ಚಿಮುಕಿಸಿದಳು. ಎದ್ದು ನೋಡಿದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ.

"ಏನ್ರೋ? ಈ ಪುತುಗೆ ಮದುವೆ ವಯಸ್ಸು ಬಂತು. ತನ್ನ ತಮ್ಮಂಗೆ ಒಂದು ತುತ್ತು ಇಡೋಕೆ ಇನ್ನೂ ಮೈ ಬಗ್ಗಲ್ಲ. ನಾನೇ ಇಡಬೇಕು. ದಿನಾ ಇಡ್ತೀನಲ್ಲ, ಇವತ್ತೇನು ಹೊಸದಾ?"

ರಸ್ತಿನಿ ಎದ್ದು ನಿಂತಳು. "ದಿನಾ ಇಡ್ತೀಯಾ ಅಮ್ಮ? ಅಲ್ಲಿ?"

"ಮಳೆ ಬಂದ್ರೂ ಇಡ್ತೀನಿ. ಯಾಕೆ?"

ಅಪ್ಪ ತಲೆ ಕೆರೆದುಕೊಳ್ಳುತ್ತ ಕಲ್ಲಿನ ಕತೆ ಹೇಳಿದ. ಅಮ್ಮ ಒಮ್ಮೆ ಈ ಕಲ್ಲು, ಒಮ್ಮೆ ಆ ಕಲ್ಲು ನೋಡಿದಳು. "ಅಂದ್ರೆ ಇಷ್ಟು ದಿನ ಪುತು ತಮ್ಮಂಗೆ ಅಂತ ಇಟ್ಟದ್ದನ್ನೆಲ್ಲ ಇವಳ ತಂಗಿ ತಿಂದಳಾ?"

"ತಿಂದಳು," ಎಂದಳು ಅಜ್ಜಿ. "ಇಟ್ಟೋರು ಯಾರು ಅಂತ ಅವಳೇನು ಕೇಳ್ತಾಳಾ?"

ಅಪ್ಪ ಮತ್ತು ಪುತು ಸೇರಿ ಕಲ್ಲುಗಳನ್ನು ಅದಲು ಬದಲು ಮಾಡಿದರು. ಬಿಳಿ ಗೆರೆಯ ಕಲ್ಲನ್ನು ರಸ್ತಿನಿಯೇ ಅಂಗೈಯಲ್ಲಿ ಒತ್ತಿ ಮಣ್ಣಿನಲ್ಲಿ ಕೂರಿಸಿದಳು. ಕೆಳಗಿನ ಮಣ್ಣು ತಣ್ಣಗಿತ್ತು. ಪಕ್ಕದಲ್ಲಿ ಬಾಡಿದ ಎಲೆಗಳು ಒಂದರ ಮೇಲೊಂದು ಅಂಟಿಕೊಂಡು ಬಿದ್ದಿದ್ದವು. ನಿನ್ನೆಯದು, ಮೊನ್ನೆಯದು, ಅದರ ಹಿಂದಿನದು. ಎಲ್ಲ ಅಮ್ಮ ಹರಿದ ಎಲೆಗಳು. ಒಂದು ಕೋಳಿ ಬಂದು ಹೊಸ ಎಲೆಯ ಅನ್ನವನ್ನು ಹೆಕ್ಕತೊಡಗಿತು. ಯಾರೂ ಅದನ್ನು ಓಡಿಸಲಿಲ್ಲ.

"ಈಗ ಅವಳನ್ನ ಕರಿ," ಎಂದಳು ಅಜ್ಜಿ.

ರಸ್ತಿನಿ ಕಲ್ಲಿನ ಮೇಲೆ ಕೈಯಿಟ್ಟಳು. "ಬಾರೇ," ಎಂದಳು. ಸ್ವಲ್ಪ ಯೋಚಿಸಿ, "ಅಲ್ಲಿ ಚಳಿ ಇರುತ್ತಂತೆ. ನನ್ನ ಕೋಟೊಳಗೇ ಇದ್ದುಬಿಡು," ಎಂದಳು.

ಆಮೇಲೆ ಅವಳು ಫೋನು ಹಿಡಿದುಕೊಂಡು ಅಂಗಳದ ಕೆಳಗಿನ ಮೋಟುಗೋಡೆಯ ಕಡೆ ನಡೆದಳು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಬಿಸಿಲಿಗೆ ಲವಂಗದ ವಾಸನೆ ಮೇಲೆದ್ದು ಬರುತ್ತಿತ್ತು. ಕಣಿವೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಬೆಳ್ಳಗೆ, ಸದ್ದಿಲ್ಲದೆ ತೇಲುತ್ತಿತ್ತು. ಹಿಂದೆ ಏನಾದರೂ ಸದ್ದು ಬರುತ್ತಿದೆಯೇ ಎಂದು ಅವಳು ಕಿವಿಗೊಡಲಿಲ್ಲ. ತಿರುಗಿಯೂ ನೋಡಲಿಲ್ಲ.

ಟೀಚರ ನಂಬರನ್ನು ಹಾಗೇ ದಾಟಿಸಿ ಹೆಲ್ವಿ ಅಮ್ಮನ ಮೆಸೇಜು ತೆಗೆದಳು. ಮುಖವನ್ನೇ ಕಾಣದ ಒಬ್ಬಳು ಅಷ್ಟು ದೂರದ ಅಡುಗೆಮನೆಯಲ್ಲಿ ನಿಂತು, ತನಗೆ ಏನು ಇಡಲಿ ಎಂದು ಕೇಳುತ್ತಿದ್ದಾಳೆ. ರಸ್ತಿನಿ ಗೋಡೆಯ ಮೇಲೆ ಕುಳಿತು, ಸ್ಪೆಲ್ಲಿಂಗ್ ನೋಡಿ ನೋಡಿ ಟೈಪ್ ಮಾಡಿದಳು:

"ನೀವು ಏನು ಇಟ್ಟರೂ ತಿನ್ನುತ್ತೇನೆ. ಜೊತೆಗೆ ಒಂದು ಪುಟ್ಟ ತಟ್ಟೆಯೂ ಬೇಕು. ಅದು ಯಾರಿಗೆ ಅಂತ ಬಂದಮೇಲೆ ಹೇಳುತ್ತೇನೆ."