ಸವೆಯದ ಪೆಡಲ್

"ಮೀಟರ್ ನಾಲ್ಕು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಅನ್ನುತ್ತೆ. ಪೆಡಲ್ ನೋಡಿದ್ರೆ ನಿನ್ನೆ ಹಾಕಿದ ಹಾಗಿದೆ. ಇವೆರಡರಲ್ಲಿ ಸುಳ್ಳು ಯಾವುದು ಅಂತ ನೀವೇ ಹೇಳಿಬಿಡಿ."

ಹಳೇ ಗಾಡಿಗಳ ಅಂಗಳದಲ್ಲಿ ಎಲ್ಲರೆದುರು ಅವಳು ಹೀಗೆ ಕೇಳಿದಾಗ ಬಡಗಿಯ ಮುಖ ಕೆಂಪೇರಿತು. ಕೆಲಸ ಅರ್ಧಕ್ಕೆ ಬಿಟ್ಟು, ಒಳಗೇ ಉಂಡು ಮಲಗಬಹುದಾದ ಕ್ಯಾಂಪರ್ ವ್ಯಾನ್ ಮಾರಲು ತಂದಿದ್ದ. ಹುಬ್ಬಿನ ಮೇಲೆ ಇನ್ನೂ ಮರದ ಪುಡಿ ಇತ್ತು.

"ಎರಡೂ ಸುಳ್ಳಲ್ಲ," ಎಂದ.

"ಅದು ಹೇಗೆ?"

ಅವನು ಹುಬ್ಬಿನ ಪುಡಿ ಒರೆಸಿಕೊಂಡ. "ಅದನ್ನ ಮಾತ್ರ ಕೇಳಬೇಡಿ."

ಆ ಬೀದಿಯಲ್ಲಿ ಅವಳನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಹಳೇ ಗಾಡಿಗಳಿಗೆ ಬೆಲೆ ಕಟ್ಟುತ್ತಿದ್ದವಳು. ಎಂಜಿನ್ನಿನ ಸದ್ದು ಕೇಳುತ್ತಿದ್ದಳು, ಎಣ್ಣೆಯ ವಾಸನೆ ನೋಡುತ್ತಿದ್ದಳು, ಕೊನೆಗೆ ಪೆಡಲ್ಲಿನ ರಬ್ಬರನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಗಾಡಿ ಓಡಿದ್ದೆಷ್ಟು ಎಂದು ಕಾಲಿನ ಸವೆತವೇ ಹೇಳುತ್ತದೆ ಎಂಬುದು ಅವಳ ನಂಬಿಕೆ. ಮೋಸ ಕಂಡರೆ ಮುಂದಿನ ಗಾಜಿನ ಮೂಲೆಯಲ್ಲಿ ಹಳದಿ ಬಣ್ಣದ ಇಂಟು ಗುರುತು ಹಾಕುವಳು. ಆ ಗುರುತು ಬಿದ್ದ ಗಾಡಿಯನ್ನು ಬೀದಿಯಲ್ಲಿ ಯಾರೂ ಮೂಸಿ ಕೂಡ ನೋಡುತ್ತಿರಲಿಲ್ಲ. ಹಾಕಿದ ಗುರುತನ್ನು ಅವಳು ಒಮ್ಮೆಯೂ ಅಳಿಸಿದವಳಲ್ಲ. ಅದೇ ಅವಳ ಹೆಮ್ಮೆ.

ಈ ವ್ಯಾನಿನಲ್ಲಿ ಪೆಡಲ್ ಹೊಸದು, ಚಾಲಕನ ಸೀಟೂ ಹೊಸದು. ಇನ್ನೇನೋ ದೊಡ್ಡದನ್ನು ಮುಚ್ಚಿಡಲು ಮುದುಕಿಗೆ ಸಿಂಗಾರ ಮಾಡಿ ತಂದಿದ್ದಾನೆ, ಅಷ್ಟೇ.

ಆದರೆ ಒಳಗಿನ ಕಪಾಟು... ಅದರ ಡ್ರಾಯರನ್ನು ಅವಳು ಎಳೆದಾಗ ಸದ್ದೇ ಆಗಿರಲಿಲ್ಲ. ಬೇಕಿಲ್ಲದಿದ್ದರೂ ಮೂರು ಸಲ ಎಳೆದು ತಳ್ಳಿದ್ದಳು. "ನಾನೇ ಮಾಡಿದ್ದು," ಎಂದು ಅವನು ಮೆಲ್ಲಗೆ ನಕ್ಕಿದ್ದ. ಆ ನಗು ಅವಳಿಗೆ ಹಿಡಿಸಿಬಿಟ್ಟಿತ್ತು. ಅದಕ್ಕೇ ಈಗ ಸಿಟ್ಟು ದುಪ್ಪಟ್ಟಾಗಿತ್ತು.

*ಇಷ್ಟು ಚೆಂದ ಕೆಲಸ ಮಾಡುವ ಕೈ ಮೋಸವನ್ನೂ ಮಾಡುತ್ತದೆಯೇ?*

ಸರ್ರನೆ ಇಂಟು ಗುರುತು ಎಳೆದಳು.

"ಬೆಲೆ ಕಡಿಮೆ ಕಟ್ಟಿದ್ರೆ ತಲೆ ಬಗ್ಗಿಸಿ ಹೋಗ್ತಿದ್ದೆ," ಎಂದ ಬಡಗಿ. "ಕಳ್ಳ ಅಂದ್ರಲ್ಲ, ಅದು ನನ್ನೊಬ್ಬನಿಗೆ ಅಂದಿದ್ದಲ್ಲ."

ಅವನು ವ್ಯಾನ್ ಹೊರಡಿಸಿದ. ಮುಂದಿನ ಅಂಗಳದವರು ಗಾಜು ನೋಡಿ ಬೇಡವೆಂದು ತಲೆಯಾಡಿಸಿದರು, ಅದರಾಚೆಯವರೂ ಅಷ್ಟೇ. ಅವಳು ನೋಡುತ್ತಲೇ ನಿಂತಳು. ಗೆದ್ದವಳಂತೆ ಅನಿಸಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಊರುಗೋಲು ಹಿಡಿದ ಒಬ್ಬ ಮೇಷ್ಟ್ರು ತಮ್ಮ ಕಾರು ತಂದರು. ಎಂದಿನಂತೆ ಅವಳು ಬಗ್ಗಿ ಪೆಡಲ್ ಸವರಿದಳು. ರಬ್ಬರಿನ ಮೇಲಿನ ಗೀರುಗಳು ಹೊಸದರಂತೆ ಚೂಪಾಗಿದ್ದವು.

"ಅಲ್ಲೇನು ನೋಡ್ತೀಯಮ್ಮ?" ಮೇಷ್ಟ್ರು ನಕ್ಕರು. "ನನ್ನ ಬ್ರೇಕು, ಆಕ್ಸಿಲರೇಟರ್ ಎರಡೂ ಈ ಸನ್ನೆಕೋಲಲ್ಲಿವೆ. ಎಡಗೈಲಿ ಇದು, ಬಲಗೈಲಿ ಸ್ಟಿಯರಿಂಗ್ ತಿರುಗಿಸೋ ಈ ಹಿಡಿಗುಂಡಿ. ಕಾಲು ಬರೀ ಜೊತೆಗೆ ಬರುತ್ತೆ."

ಅವಳ ಹೆಬ್ಬೆರಳು ಅಲ್ಲೇ ನಿಂತಿತು.

ಆ ವ್ಯಾನಿನ ಸ್ಟಿಯರಿಂಗಿನಲ್ಲಿ ಒಂದೇ ಕಡೆ ಏನನ್ನೋ ಬಿಗಿದಿದ್ದ ಗುರುತಿತ್ತು. ಚಾಲಕನ ಸೀಟಿನ ಸುತ್ತ ನೆಲದಲ್ಲಿ ತೂತುಗಳು, ನೀಟಾಗಿ ಮರದ ಬೆಣೆ ಹೊಡೆದು ಮುಚ್ಚಿದಂಥವು. ಅಲ್ಲಿ ಸೀಟೇ ಇರಲಿಲ್ಲ... ಗಾಲಿಕುರ್ಚಿ ಇತ್ತು! ಎಲ್ಲವನ್ನೂ ಕಂಡಿದ್ದಳು, ಯಾವುದನ್ನೂ ನೋಡಿರಲಿಲ್ಲ.

"ನನ್ನೊಬ್ಬನಿಗೆ ಅಂದಿದ್ದಲ್ಲ" ಎಂದಿದ್ದನಲ್ಲ. ಹಾಗಾದರೆ ಇನ್ನಾರಿಗೆ?

ಮೇಷ್ಟ್ರ ಕಾರಿನ ಕೆಲಸ ಮುಗಿಸಿ, ಸಂಜೆ ಬಟ್ಟೆಚೂರು ಮತ್ತು ಥಿನ್ನರ್ ಡಬ್ಬಿ ಹಿಡಿದು ಬಡಗಿಯ ಮನೆ ಹುಡುಕಿಕೊಂಡು ಹೋದಳು. ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಅವನ ತಾಯಿ ಕೂತಿದ್ದರು. ಭುಜಗಳೋ, ಕುಸ್ತಿ ಆಡಿದವರ ಭುಜಗಳಂತಿದ್ದವು.

"ನೀನೇನಾ ತಕ್ಕಡಿ?"

"ಹೌದಮ್ಮ. ತಪ್ಪು ತೂಗಿದೆ."

ಅವರು ಉತ್ತರಿಸುವ ಮೊದಲೇ ಅವಳು ವ್ಯಾನಿನ ಬಳಿ ಹೋಗಿ ಗಾಜು ಉಜ್ಜತೊಡಗಿದಳು. ನೆರೆಮನೆಯವರು ಇಣುಕಿದರು. ಇಣುಕಲಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತನ್ನದೇ ಗುರುತನ್ನು ಅಳಿಸುತ್ತಿದ್ದಳು, ಕಣ್ಣು ತುಂಬಿ ಬಂದಿತ್ತು, ಕೈ ಮಾತ್ರ ನಿಲ್ಲಲಿಲ್ಲ.

ಒಳಗಿನಿಂದ ಬಡಗಿ ಬಂದು ಅವಳ ಹಿಂದೆ ನಿಂತ.

"ನಿನ್ನೆಯೇ ಯಾಕೆ ಹೇಳಲಿಲ್ಲ?" ತಿರುಗದೆಯೇ ಕೇಳಿದಳು.

"ಅಮ್ಮ ಆಣೆ ಹಾಕಿಸಿದ್ರು. 'ನನ್ನ ಕಾಲಿನ ಕಥೆ ಹೇಳಿ ಬೆಲೆ ಕೇಳಬೇಡ' ಅಂತ."

"ಮತ್ತೇನು?" ತಾಯಿ ಗಾಲಿ ಉರುಳಿಸಿಕೊಂಡು ಬಂದರು. "ಇಪ್ಪತ್ತಾರು ವರ್ಷ ಊರೂರು ತಿರುಗಿ ಹೊಲಿಗೆ ಯಂತ್ರ ರಿಪೇರಿ ಮಾಡಿದೀನಿ. ಇವನು ಬೆಳೆದದ್ದೇ ಈ ಗಾಡೀಲಿ. ಅಷ್ಟು ವರ್ಷ ಸ್ಟಿಯರಿಂಗ್ ಯಾರ ಕೈಗೂ ಕೊಟ್ಟವಳಲ್ಲ. ಈಗ ಕಣ್ಣು ಮಂಜಾಯ್ತು, ಡಾಕ್ಟರು ಬೇಡ ಅಂದ್ರು. ನಿಂತರೆ ಗಾಡಿ ಹಾಳಾಗುತ್ತೆ, ಓಡಿಸೋರಿಗೆ ಕೊಡು ಅಂದೆ. ಸನ್ನೆಕೋಲು ಬಿಚ್ಚಿ ಸೀಟು ಹಾಕಿಸಿದೆ. ಸರಿ, ಈಗ ಬೆಲೆ ಹೇಳು."

ಅವಳು ಹೇಳಿದಳು. ಬಡಗಿ ಹುಬ್ಬೇರಿಸಿದ. ಅವನು ಕೇಳಬೇಕೆಂದಿದ್ದಕ್ಕಿಂತ ಅದು ಹೆಚ್ಚಾಗಿತ್ತು.

ತಾಯಿಯ ದನಿ ಗಡುಸಾಯಿತು. "ಇದರಲ್ಲಿ ಕನಿಕರದ್ದು ಎಷ್ಟು?"

"ಒಂದು ಕಾಸೂ ಇಲ್ಲ. ಹೊತ್ತುಹೊತ್ತಿಗೆ ಎಣ್ಣೆ ಬದಲಾಯಿಸಿದ ಎಂಜಿನ್, ಒಮ್ಮೆಯೂ ಗುದ್ದಿಲ್ಲದ ಮೈ. ಹಿಂಬಾಗಿಲ ಕೆಳಗೆ ತುಕ್ಕಿದೆ, ಅದಕ್ಕೆ ಕಳೆದಿದ್ದೀನಿ."

ತಾಯಿ ಅವಳನ್ನೇ ದಿಟ್ಟಿಸಿದರು. ಆಮೇಲೆ ಮಗನ ಕಡೆ ತಿರುಗಿ, "ತುಕ್ಕಿಗೆ ಕಳೆದಳು ನೋಡು. ಇವಳು ಸರಿಯಾದವಳು," ಎಂದರು.

ಗಿರಾಕಿ ತರುವ ಹೊಣೆ ಅವಳೇ ಹೊತ್ತಳು. ಒಂದೂವರೆ ತಿಂಗಳಲ್ಲಿ ನಾಲ್ವರನ್ನು ಕರೆದೊಯ್ದಳು. ಪ್ರತಿ ಸಲವೂ ಬಡಗಿ ಅವಳು ಕೂರಲೆಂದು ಹೊಸದೇನಾದರೂ ಮಾಡಿಟ್ಟಿರುತ್ತಿದ್ದ. ಮೊದಲು ಒಂದು ಸ್ಟೂಲು, ಆಮೇಲೆ ಒರಗುವ ಕುರ್ಚಿ. ಪ್ರತಿ ಸಲವೂ ಗಿರಾಕಿಯನ್ನು ಮಾತ್ರ ಬರಿಗೈಲಿ ಕಳಿಸುತ್ತಿದ್ದ.

"ನಾಲ್ಕು ಜನಕ್ಕೂ ಇಲ್ಲ ಅಂದ್ರಿ," ಒಂದು ಬೆಳಿಗ್ಗೆ ಅವಳು ಜಗಳಕ್ಕೇ ನಿಂತಳು. "ನಾನು ಕಟ್ಟಿದ ಬೆಲೆ ಮೇಲೆ ನಂಬಿಕೆ ಇಲ್ವಾ?"

"ಬೆಲೆ ಸರಿಯಾಗೇ ಇದೆ."

"ಮತ್ತೆ?"

ಅವನು ಉಳಿಯ ಮೊನೆಯನ್ನೇ ನೋಡಿದ. "ಮಾರಿಬಿಟ್ರೆ... ನೀವು ಇಲ್ಲಿಗೆ ಬರೋಕೆ ನೆಪ ಏನಿರುತ್ತೆ?"

ಅವಳು ಆ ಒರಗುವ ಕುರ್ಚಿಯಲ್ಲಿ ಕೂತುಬಿಟ್ಟಳು.

ಕಿಟಕಿಯಿಂದ ತಾಯಿಯ ದನಿ ಬಂತು. "ನನಗೆ ಕಣ್ಣು ಮಂಜಾಗಿರೋದು, ಕಿವಿ ಅಲ್ಲ. ಗಾಡಿ ನಿಂತು ನಿಂತು ಹಾಳಾಗ್ತಿದೆ. ನನ್ನೂ ಹತ್ತಿಸ್ಕೊಳ್ಳಿ, ಹೊರಡೋಣ. ಸ್ಟಿಯರಿಂಗ್ ಅವಳಿಗೆ ಕೊಡು, ನಿನಗಲ್ಲ."

ಬಡಗಿ ಬೀಗದ ಕೈ ಅವಳತ್ತ ಚಾಚಿದ. ಇಪ್ಪತ್ತಾರು ವರ್ಷ ಯಾರ ಕೈಗೂ ಕೊಡದಿದ್ದ ಸ್ಟಿಯರಿಂಗ್... ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಚೂಪು ಗೀರಿನ ಆ ಪೆಡಲ್ ಮೇಲೆ ಪಾದ ಇಟ್ಟಳು. ತಾಯಿ ಹಿಂದೆ ಕಿಟಕಿ ಪಕ್ಕ ಕೂತು ಆಗಲೇ ದಾರಿ ಹೇಳತೊಡಗಿದ್ದರು.

ಬಡಗಿ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ. "ಅದು ಸವೆಯೋಕೆ ಎಷ್ಟು ದೂರ ಓಡಬೇಕು?"

"ಇನ್ನೂ ನಾಲ್ಕು ಲಕ್ಷ ಕಿಲೋಮೀಟರ್."

"ಅಲ್ಲಿವರೆಗೂ ಜೊತೆಗಿರ್ತೀರಾ?"

ಅವಳು ಗಾಜಿನ ಮೂಲೆ ನೋಡಿದಳು. ಹಳದಿಯ ಗೆರೆಯೂ ಉಳಿದಿರಲಿಲ್ಲ.

"ನಿಮ್ಮ ವಿಷಯದಲ್ಲಿ ಒಂದು ಸಲ ತಪ್ಪು ತೂಗಿದೀನಿ," ಎಂದಳು. "ಇನ್ನೊಂದು ಸಲ ತೂಗಲ್ಲ. ಇರ್ತೀನಿ."